ಸೊನ್ನೆ ಬಡ್ಡಿಯ ಸಾಲ: ತಾರೀಖು ನೋಡಿ ಕೈ ಹಾಕಿ

“ಬಡ್ಡಿ ಇಲ್ರೀ, ತಗೊಂಡ್ ಹೋಗ್ರಿ.” ರೋಣದ ಪೇಟೆಗೆ ಬಂದವರಿಗೆ ಈ ಮಾತು ಈಗ ಮೂರು ಕಡೆಯಿಂದ ಕೇಳುತ್ತದೆ. ಊರ ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವ ಹುಡುಗ ಕೊಡುವ ಕ್ರೆಡಿಟ್ ಕಾರ್ಡಿಗೆ 50 ದಿನ ಬಡ್ಡಿ ಇಲ್ಲ. ಮೊಬೈಲ್ ಅಂಗಡಿಯ ‘ನೋ ಕಾಸ್ಟ್ ಇಎಂಐ’ಗೂ ಬಡ್ಡಿ ಇಲ್ಲ. ಆದರೂ ವರ್ಷ ತುಂಬುವ ಹೊತ್ತಿಗೆ ಒಂದು ಮನೆಯಲ್ಲಿ ನಿಜವಾಗಿಯೂ ಬಡ್ಡಿ ಉಳಿದಿರುತ್ತದೆ, ಪಕ್ಕದ ಮನೆಯವರು ಅದೇ ಸಾಲಕ್ಕೆ ಸಾವಿರಗಟ್ಟಲೆ ತೆತ್ತಿರುತ್ತಾರೆ.

ಪಕ್ಕದ ಮನೆಯವರು ದಡ್ಡರೇನಲ್ಲ. ಅವರ ಕೈಗೆ ದುಡ್ಡು ಬರುವ ತಾರೀಖು ಬೇರೆ, ಸಾಲ ಕಟ್ಟುವ ತಾರೀಖು ಬೇರೆ ಆಗಿತ್ತು, ಅಷ್ಟೆ. ಈ ಲೇಖನದ ತುಂಬ ನಾನು ಹೇಳುವುದು ಈ ಒಂದೇ ವಿಷಯ. ಸಾಲ ಯಾವುದೇ ಇರಲಿ, ‘ಬಡ್ಡಿ ಎಷ್ಟು?’ ಎಂದು ಕೇಳುವ ಮೊದಲು ‘ಯಾವ ತಾರೀಖಿಗೆ ಕಟ್ಟಬೇಕು, ಆ ಹೊತ್ತಿಗೆ ನನ್ನ ಕೈಗೆ ದುಡ್ಡು ಎಲ್ಲಿಂದ ಬರುತ್ತದೆ?’ ಎಂದು ಕೇಳಿಕೊಳ್ಳಿ.

ಬಿಟ್ಟ ಬಡ್ಡಿಯನ್ನು ಯಾರು ಕಟ್ಟುತ್ತಾರೆ?

ಪತ್ತಿನ ಸಂಘ ನಮ್ಮ ಸೀಮೆಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಹಕಾರ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ, 1904ರಲ್ಲಿ. ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಬೇಕು ಎಂಬುದೇ ಆಗಿನ ಉದ್ದೇಶ. ಆ ಸಂಘದಲ್ಲೂ ಬಡ್ಡಿ ಇತ್ತು, ಹಗುರವಾಗಿತ್ತು.

ಈಗ ಬಡ್ಡಿಯೇ ಇಲ್ಲ ಎನ್ನುತ್ತಾರೆ. ಆದರೆ ದುಡ್ಡಿಗೆ ಬಡ್ಡಿ ಇದ್ದೇ ಇರುತ್ತದೆ. ನೀವು ಕಟ್ಟದಿದ್ದರೆ ನಿಮ್ಮ ಪರವಾಗಿ ಬೇರೆ ಯಾರೋ ಕಟ್ಟುತ್ತಿರುತ್ತಾರೆ. ಅವರು ಯಾರು, ಎಲ್ಲಿಯವರೆಗೆ ಕಟ್ಟುತ್ತಾರೆ ಎಂಬುದು ಗೊತ್ತಾದರೆ ಆ ಸಾಲದ ಗುಟ್ಟೂ ಗೊತ್ತಾಗುತ್ತದೆ.

ಸೊಸೈಟಿಯ ಬೆಳೆಸಾಲದಲ್ಲಿ ಕಟ್ಟುವುದು ಸರ್ಕಾರ. ಕೇಂದ್ರದ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7. ಗಡುವಿನೊಳಗೆ ತೀರಿಸಿದವರಿಗೆ ಶೇ 3ರಷ್ಟು ಪ್ರೋತ್ಸಾಹ ಸಿಗುವುದರಿಂದ ಕೊನೆಗೆ ಬೀಳುವುದು ಶೇ 4. ಸಹಕಾರ ಸಂಘದಿಂದ ಎತ್ತಿದವರಿಗೆ ಆ ಉಳಿದದ್ದನ್ನೂ ರಾಜ್ಯ ಸರ್ಕಾರ ಭರಿಸುತ್ತದೆ. ರಾಜ್ಯದ ಈ ಸೊನ್ನೆ ಬಡ್ಡಿಯ ಮಿತಿ ಮೊದಲು 3 ಲಕ್ಷ ಇತ್ತು, 2023-24ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿತು.

ಕ್ರೆಡಿಟ್ ಕಾರ್ಡಿನಲ್ಲಿ ಮೊದಲ ಕೆಲವು ದಿನಗಳ ಭಾರ ಹೊರುವುದು ಬ್ಯಾಂಕು. ನೀವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನಿಂದ ಅದಕ್ಕೆ ಕಮಿಷನ್ ಬರುತ್ತದೆ. ಅದಕ್ಕಿಂತ ದೊಡ್ಡ ಆದಾಯ ಗಡುವು ತಪ್ಪಿಸುವವರ ಬಡ್ಡಿಯಿಂದ. ಹೇಳಬೇಕೆಂದರೆ, ತಾರೀಖಿಗೆ ಸರಿಯಾಗಿ ಪೂರ್ತಿ ಕಟ್ಟುವವನ ಖರ್ಚನ್ನು ತಪ್ಪಿಸುವವನು ಭರಿಸುತ್ತಿರುತ್ತಾನೆ. ನೀವು ಯಾವ ಸಾಲಿನಲ್ಲಿ ನಿಲ್ಲುತ್ತೀರಿ ಎಂಬುದನ್ನು ಕಾರ್ಡ್ ತೆಗೆದುಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ನೋ ಕಾಸ್ಟ್ ಇಎಂಐಯದ್ದು ಇನ್ನೂ ಸರಳ. ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಕಂಪನಿಯೋ ಅಂಗಡಿಯವನೋ ಬೆಲೆಯಲ್ಲಿ ಬಿಟ್ಟುಕೊಡುತ್ತಾನೆ. ‘ಶೇಕಡಾ ಸೊನ್ನೆ ಬಡ್ಡಿ ಎಂಬುದೇ ಇಲ್ಲ’ ಎಂಬ ಧಾಟಿಯಲ್ಲಿ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು.

ಇಲ್ಲೇ ಇನ್ನೊಂದು ಮಾತು. ಯೂಟ್ಯೂಬಿನಲ್ಲಿ ‘18 ತಿಂಗಳು ಬಡ್ಡಿ ಇಲ್ಲದ ಕಾರ್ಡ್’ ಎಂದು ತೋರಿಸುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಹೊಸ ಗ್ರಾಹಕರನ್ನು ಸೆಳೆಯಲು ಮೊದಲ ಒಂದು, ಒಂದೂವರೆ ವರ್ಷ ಬಡ್ಡಿ ಬಿಡುವ ಕಾರ್ಡುಗಳುಂಟು. ಇಂಥ ಆರಂಭಿಕ ದರ ಕನಿಷ್ಠ ಆರು ತಿಂಗಳು ಇರಲೇಬೇಕು ಎಂದು 2009ರ ಅಲ್ಲಿನ ಕಾಯ್ದೆ ಹೇಳುತ್ತದೆ. ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಿಮ್ಮ ಅಳಿಯನಿಗೆ ಆ ಲೆಕ್ಕ ಸರಿ. ನಮ್ಮಲ್ಲಿ ಸಿಗುವುದು ತಿಂಗಳ ಲೆಕ್ಕದ್ದಲ್ಲ, ದಿನದ ಲೆಕ್ಕದ್ದು. ಆ ವಿಡಿಯೊ ನೋಡಿ ಇಲ್ಲಿ ಕಾರ್ಡ್ ತೆಗೆದುಕೊಳ್ಳಬೇಡಿ.

ಮೊದಲು ಸೊಸೈಟಿ ಸಾಲ

ಎರೆಭೂಮಿಯ ರೈತನಿಗೆ ಈ ಮೂರರಲ್ಲಿ ಹೊಂದುವುದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಕಾರಣ ಬೆಳೆಯ ಕ್ಯಾಲೆಂಡರಿನಲ್ಲೇ ಇದೆ. ಜೂನ್‌ನಲ್ಲಿ ಬಿತ್ತಿದ ಹೆಸರು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ರಾಶಿಯಾಗುತ್ತದೆ. ಹಿಂಗಾರಿಗೆ ಹಾಕಿದ ಕಡಲೆ ಜನವರಿ–ಫೆಬ್ರುವರಿಗೆ ಮನೆಗೆ ಬರುತ್ತದೆ. ಜೂನ್ ಹತ್ತಕ್ಕೆ ಎತ್ತಿದ ಒಂದು ವರ್ಷದ ಸಾಲಕ್ಕೆ ಗಡುವಿನೊಳಗೆ ಎರಡು ಸುಗ್ಗಿ ಸಿಗುತ್ತವೆ. ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ.

ಹೀಗೆ ಮಾಡಿ:

1. ಸಾಲ ಎತ್ತಿದ ದಿನವೇ ಗಡುವಿನ ತಾರೀಖನ್ನು ಸಂಘದ ಕಾರ್ಯದರ್ಶಿಯಿಂದ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ. “ಬರೋ ವರ್ಷ ಇದ ಹೊತ್ತಿಗೆ” ಎಂಬ ಬಾಯಿಮಾತು ಸಾಲದು. ಒಂದು ದಿನ ತಪ್ಪಿದರೂ ರಿಯಾಯಿತಿ ಹೋಗುತ್ತದೆ. ಲಕ್ಷ ರೂಪಾಯಿಗೆ ಶೇ 7ರಂತೆ ವರ್ಷದ ಬಡ್ಡಿ ₹7,000. ಅದರ ಮೇಲೆ ಸಂಘದ ನಿಯಮದಂತೆ ದಂಡಬಡ್ಡಿ ಬೇರೆ.

2. ಗಡುವಿನ ತಾರೀಖಿಗಿಂತ ಒಂದು ತಿಂಗಳ ಮುಂಚಿನ ದಿನವನ್ನು ನಿಮ್ಮ ತಾರೀಖು ಎಂದು ಇಟ್ಟುಕೊಳ್ಳಿ. ಮಾಲು ಬೆಂಬಲ ಬೆಲೆ ಕೇಂದ್ರಕ್ಕೆ ಹಾಕಿದರೆ ದುಡ್ಡು ಖಾತೆಗೆ ಬರಲು ವಾರಗಳೇ ಹಿಡಿಯಬಹುದು. ಮಾಲು ಕೊಟ್ಟ ಚೀಟಿ ಕೈಲಿದೆ ಎಂದು ಸೊಸೈಟಿ ಗಡುವು ಮುಂದೆ ಹಾಕುವುದಿಲ್ಲ.

3. ಹೆಸರು ಮಾರಿದ ದುಡ್ಡಿನಲ್ಲಿ ಅರ್ಧ ಸಾಲದ ಮೊತ್ತವನ್ನು ಪಕ್ಕಕ್ಕೆ ತೆಗೆಯಿರಿ. ಸೊನ್ನೆ ಬಡ್ಡಿಯ ಸಾಲವನ್ನು ಮುಂಚೆಯೇ ತೀರಿಸಿದರೆ ಬಡ್ಡಿಯ ಉಳಿತಾಯವೇನೂ ಇಲ್ಲ. ಹಾಗೆಂದು ಕಪಾಟಿನಲ್ಲಿಟ್ಟರೆ ದೀಪಾವಳಿಗೆ ಅದು ಇರುವುದಿಲ್ಲ. ಗಡುವಿಗೆ ಮೊದಲೇ ಮುಗಿಯುವ ಅವಧಿಯ ಠೇವಣಿ ಮಾಡಿ. ₹50,000ಕ್ಕೆ ಶೇ 6ರ ಲೆಕ್ಕದಲ್ಲಿ ಆರು ತಿಂಗಳಿಗೆ ₹1,500 ನಿಮಗೇ ಬರುತ್ತದೆ. ಸರ್ಕಾರ ಬಿಟ್ಟ ಬಡ್ಡಿಯ ನಿಜವಾದ ಲಾಭ ಹೀಗೆ ಸಿಗುತ್ತದೆ. ಕೈ ತಡೆಯುವುದಿಲ್ಲ ಎನಿಸಿದರೆ ಠೇವಣಿಯ ಗೋಜು ಬೇಡ, ಸೀದಾ ಸಾಲಕ್ಕೇ ಕಟ್ಟಿಬಿಡಿ.

4. ಐದು ಲಕ್ಷದ ಮಿತಿ ಎಂದರೆ ಎಲ್ಲರಿಗೂ ಐದು ಲಕ್ಷ ಎಂದಲ್ಲ. ಎಕರೆಗೆ ಯಾವ ಬೆಳೆಗೆ ಎಷ್ಟು ಎಂಬ ಸಾಲದ ಪ್ರಮಾಣ ಮೊದಲೇ ನಿಗದಿಯಾಗಿರುತ್ತದೆ. ಸಂಘದ ಬಳಿ ಇರುವ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಮಂಜೂರಾದದ್ದು ಎಷ್ಟು, ಷೇರಿಗೆ ಹಿಡಿದದ್ದು ಎಷ್ಟು, ಬೆಳೆವಿಮೆಗೆ ಹೋದದ್ದು ಎಷ್ಟು ಎಂದು ಬಿಡಿಸಿ ಕೇಳಿ. ವಿಮೆಯ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ಸಾಲಗಾರರಿಗೆ ವಿಮೆ 2020ರ ಮುಂಗಾರಿನಿಂದ ಕಡ್ಡಾಯವಲ್ಲ. ಬೇಡವಾದರೆ ಕೊನೆಯ ದಿನಕ್ಕೆ ಏಳು ದಿನ ಮೊದಲು ಬರೆದುಕೊಡಬೇಕು. ಮಳೆಯನ್ನೇ ನಂಬಿದ ಹೊಲವಾದರೆ ಬೇಡ ಎನ್ನಬೇಡಿ ಎಂಬುದು ನನ್ನ ಸಲಹೆ.

5. ಅದೇ ಸರ್ವೆ ನಂಬರಿನ ಮೇಲೆ ಸೊಸೈಟಿಯಲ್ಲೂ ಬ್ಯಾಂಕಿನಲ್ಲೂ ರಿಯಾಯಿತಿ ಬೆಳೆಸಾಲ ಎತ್ತಬೇಡಿ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಬಂದ ಮೇಲೆ ಎಲ್ಲವೂ ಒಂದೇ ಪರದೆಯ ಮೇಲೆ ಕಾಣುತ್ತದೆ.

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವ ಜಾಗವೊಂದಿದೆ. ನಮ್ಮ ಜಿಲ್ಲೆಯ ಸೊಸೈಟಿಗಳಿಗೆ ದುಡ್ಡು ಕೊಡುವ ಧಾರವಾಡದ ಕರ್ನಾಟಕ ಕೇಂದ್ರ ಸಹಕಾರಿ ಬ್ಯಾಂಕಿಗೂ ಕೆಸಿಸಿ ಎನ್ನುತ್ತಾರೆ, 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡಿಗೂ ಕೆಸಿಸಿ ಎನ್ನುತ್ತಾರೆ. ಗ್ರಾಮೀಣ ಬ್ಯಾಂಕಿನಲ್ಲೋ ರಾಷ್ಟ್ರೀಕೃತ ಬ್ಯಾಂಕಿನಲ್ಲೋ ಪಡೆದ ಕಿಸಾನ್ ಕಾರ್ಡಿಗೆ ಸೊನ್ನೆ ಬಡ್ಡಿ ಇಲ್ಲ. ಸಕಾಲಕ್ಕೆ ಕಟ್ಟಿದರೂ ಶೇ 4 ಇದ್ದೇ ಇದೆ. ಅಲ್ಲಿ ಮಾತ್ರ ಕೈಗೆ ಬಂದ ದುಡ್ಡನ್ನು ಬೇಗ ಕಟ್ಟಿದಷ್ಟೂ ಲಾಭ, ಏಕೆಂದರೆ ಬಡ್ಡಿ ದಿನದ ಬಾಕಿಯ ಮೇಲೆ ಬೀಳುತ್ತದೆ.

ಕೈಗಡ ತಂದು ‘ಹೊಸದು ಮಾಡಿಸುವ’ ಲೆಕ್ಕ

ಗಡುವು ಬಂದಿದೆ, ದುಡ್ಡಿಲ್ಲ. ಆಗ ಊರಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ನೂರಕ್ಕೆ ಮೂರರಂತೆ ಕೈಗಡ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಮಂಜೂರಾದ ಕೂಡಲೆ ಅದರಿಂದ ಕೈಗಡ ತೀರಿಸುವುದು. ಇದನ್ನು ಕಣ್ಣುಮುಚ್ಚಿ ತಪ್ಪು ಎನ್ನಲಾರೆ. ಲೆಕ್ಕ ಹಾಕಿ ನೋಡೋಣ.

ಲಕ್ಷ ರೂಪಾಯಿಗೆ ತಿಂಗಳಿಗೆ ₹3,000. ಹದಿನೈದು ದಿನದಲ್ಲಿ ಹೊಸ ಸಾಲ ಕೈಸೇರಿದರೆ ಖರ್ಚು ₹1,500. ಗಡುವು ತಪ್ಪಿದ್ದರೆ ₹7,000 ಹೋಗುತ್ತಿತ್ತು. ಹೀಗಾಗಿ ₹5,500 ಉಳಿಯಿತು. ಆದರೆ ಹೊಸ ಸಾಲ ಬರಲು ಎರಡೂವರೆ ತಿಂಗಳಾಯಿತು ಎಂದುಕೊಳ್ಳಿ. ಆಗ ಕೈಗಡದ ಬಡ್ಡಿಯೇ ₹7,500. ಅದಕ್ಕೇ ಕೈಗಡಕ್ಕೆ ಕೈ ಹಾಕುವ ಮುಂಚೆ ಸೊಸೈಟಿಯಲ್ಲಿ ಎರಡು ಪ್ರಶ್ನೆ ಕೇಳಿ: ಈ ಸಲದ ಹೊಸ ಸಾಲದ ದುಡ್ಡು ಮೇಲಿಂದ ಬಂದಿದೆಯೇ? ಹೋದ ತಿಂಗಳು ಕಟ್ಟಿದವರಿಗೆ ಎಷ್ಟು ದಿನಕ್ಕೆ ಮರಳಿ ಸಿಕ್ಕಿತು? ಎರಡನೆಯದಕ್ಕೆ ಕಾರ್ಯದರ್ಶಿಯ ಉತ್ತರ ಸಾಲದು, ಕಟ್ಟಿದವರನ್ನೇ ಕೇಳಿ.

ಮತ್ತೊಂದು. ಪ್ರತಿ ವರ್ಷವೂ ಹೀಗೆಯೇ ಹೊಸದು ಮಾಡಿಸುತ್ತಿದ್ದರೆ ಅಸಲು ಕರಗುತ್ತಿಲ್ಲ ಎಂದರ್ಥ. ಪ್ರತಿ ಸಲ ₹10,000 ಆದರೂ ಸ್ವಂತ ದುಡ್ಡಿನಿಂದ ಕಟ್ಟಿ, ಕೈಗಡವನ್ನು ಅಷ್ಟು ಕಡಿಮೆ ಮಾಡುತ್ತ ಬನ್ನಿ.

ಮಳೆ, ಹೊಳೆ ಕೈಕೊಟ್ಟ ವರ್ಷದ ಮಾತು ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು ಸುತ್ತಿನ ಊರುಗಳಿಗೆ ನುಗ್ಗಿದಂಥ ಸಂದರ್ಭದಲ್ಲಿ, ಸರ್ಕಾರ ವಿಕೋಪ ಘೋಷಿಸಿದ ಮೇಲೆ ಬೆಳೆಸಾಲವನ್ನು ಮರುಹೊಂದಿಸಿ ಅವಧಿ ವಿಸ್ತರಿಸಲು ಬ್ಯಾಂಕುಗಳಿಗೆ ಅವಕಾಶವಿರುತ್ತದೆ. ಅದು ತಾನಾಗಿ ಆಗುತ್ತದೆಂದು ಕೂರದೆ, ಗಡುವು ಮುಗಿಯುವುದರೊಳಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಕ್ರೆಡಿಟ್ ಕಾರ್ಡ್: ತಿಂಗಳ ಸಂಬಳದವರ ಸಾಧನ

ಶಾಲೆಯ ಮೇಷ್ಟ್ರು, ಬಸ್ ಡಿಪೊದ ಚಾಲಕ, ಆಸ್ಪತ್ರೆಯ ನರ್ಸ್, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ನರಗುಂದದ ಹುಡುಗಿ, ಇಂಥವರಿಗೆ ಕಾರ್ಡ್ ಉಪಯೋಗಕ್ಕೆ ಬರುತ್ತದೆ. ತಿಂಗಳು ತಿಂಗಳು ಗೊತ್ತಾದ ದಿನ ದುಡ್ಡು ಬರುವವರು ಇವರು. ಗಜೇಂದ್ರಗಡದ ನೇಕಾರರಿಗೆ, ಸೀರೆ ವ್ಯಾಪಾರಿಗೆ, ಹೊಲವನ್ನೇ ನಂಬಿದವನಿಗೆ ಅದು ಹೊಂದುವುದು ಕಷ್ಟ.

ಯಾಕೆಂದು ನೋಡಿ. ಕಾರ್ಡಿನ ಬಿಲ್ ಪ್ರತಿ ತಿಂಗಳ 18ಕ್ಕೆ ತಯಾರಾಗುತ್ತದೆ, ಕಟ್ಟುವ ಕೊನೆಯ ದಿನ ಮುಂದಿನ ತಿಂಗಳ 7 ಎಂದುಕೊಳ್ಳಿ. ಜೂನ್ 19ರಂದು ಕೊಂಡದ್ದು ಜುಲೈ 18ರ ಬಿಲ್ಲಿಗೆ ಬಂದು ಆಗಸ್ಟ್ 7ಕ್ಕೆ ಕಟ್ಟಬೇಕಾಗುತ್ತದೆ: 49 ದಿನ ಸಿಕ್ಕಿತು. ಅದೇ ಜುಲೈ 17ರಂದು ಕೊಂಡರೆ ಸಿಗುವುದು 21 ದಿನ ಮಾತ್ರ. ಜಾಹೀರಾತಿನ ‘50 ದಿನ’ ಬಿಲ್ಲಿನ ಮಾರನೆಯ ದಿನ ಕೊಂಡವರಿಗಷ್ಟೇ ಸಲ್ಲುವ ಮಾತು.

ಈಗ ಜೂನ್ 19ಕ್ಕೆ ಕಾರ್ಡ್ ಉಜ್ಜಿ ₹30,000ದ ಬೀಜ, ಗೊಬ್ಬರ ತಂದ ರೈತನನ್ನು ನೆನೆಯಿರಿ. ಆಗಸ್ಟ್ 7ಕ್ಕೆ ಅವನ ಹೆಸರು ಇನ್ನೂ ಹೊಲದಲ್ಲಿ ಕಾಯಿ ಕಟ್ಟುತ್ತಿರುತ್ತದೆ. 49 ದಿನ ಬಡ್ಡಿ ಇಲ್ಲದಿದ್ದರೇನು ಬಂತು, ಐವತ್ತನೆಯ ದಿನಕ್ಕೆ ದುಡ್ಡಿಲ್ಲ! ಗೊಬ್ಬರದಂಗಡಿಯವನು “ಕಾರ್ಡ್ ಆದ್ರ ಎರಡ್ ಪರ್ಸೆಂಟ್ ಜಾಸ್ತಿ” ಎಂದರಂತೂ ಮೊದಲ ದಿನವೇ ₹600 ಹೋಯಿತು. ಐವತ್ತು ದಿನಕ್ಕೆ ಶೇ 2 ಎಂದರೆ ವರ್ಷಕ್ಕೆ ಶೇ 14ಕ್ಕೂ ಹೆಚ್ಚು. ಅದನ್ನು ಬಡ್ಡಿ ಇಲ್ಲದ ಸಾಲ ಎನ್ನಲಾಗದು.

ಗಡುವು ತಪ್ಪಿದರೆ ಕೊಂಡ ದಿನದಿಂದಲೇ ಬೀಳುವ ಬಡ್ಡಿ ಎಷ್ಟು? ಕಾರ್ಡಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ‘ತಿಂಗಳಿಗೆ ಶೇ 3.5’ ಎಂದೋ 3.75 ಎಂದೋ ಇರುತ್ತದೆ. ನಮ್ಮೂರ ಲೆಕ್ಕದಲ್ಲಿ ಹೇಳಿದರೆ ಅದು ನೂರಕ್ಕೆ ಮೂರೂವರೆ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿಸಿದರೆ ನೂರಕ್ಕೆ ನಾಲ್ಕು ದಾಟುತ್ತದೆ. ನೂರಕ್ಕೆ ಮೂರು ಕೇಳುವ ಸಾಹುಕಾರನನ್ನು ರಕ್ತ ಹೀರುವವನು ಎಂದು ಬೈಯುವ ನಾವು ಎಸಿ ಕೋಣೆಯಲ್ಲಿ ಕೂತು ನಾಲ್ಕಕ್ಕೆ ಸಹಿ ಹಾಕಿ ಬರುತ್ತೇವೆ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗೆ ಸರಿಸಿತು. ಹಾಗಾಗಿ ಆ ಮಿತಿಯ ರಕ್ಷಣೆಯೂ ಈಗ ಇಲ್ಲ.

ಇಷ್ಟು ತಿಳಿದ ಮೇಲೂ ಕಾರ್ಡ್ ಬೇಕೆನಿಸಿದರೆ, ಕ್ರಮ ಹೀಗಿರಲಿ:

1. ಕೊನೆಯ ದಿನವನ್ನು ಸಂಬಳಕ್ಕೆ ಹೊಂದಿಸಿ. ಬಿಲ್ಲಿನ ಸುತ್ತನ್ನು ಬದಲಿಸಿಕೊಳ್ಳಲು ಗ್ರಾಹಕನಿಗೆ ಕನಿಷ್ಠ ಒಂದು ಸಲವಾದರೂ ಅವಕಾಶ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಂಬಳ 1ರಿಂದ 5ರೊಳಗೆ ಬರುವವರಿಗೆ ಕೊನೆಯ ದಿನ 8ರಿಂದ 12ರ ನಡುವೆ ಇದ್ದರೆ ಒಳ್ಳೆಯದು.

2. ‘ಪೂರ್ತಿ ಮೊತ್ತ’ ತಾನಾಗಿ ಕಡಿತವಾಗುವಂತೆ ಖಾತೆಗೆ ಜೋಡಿಸಿ. ಅರ್ಜಿಯಲ್ಲಿ ಎರಡು ಚೌಕಗಳಿರುತ್ತವೆ: ಪೂರ್ತಿ ಮೊತ್ತ, ಕನಿಷ್ಠ ಮೊತ್ತ. ಎರಡನೆಯದಕ್ಕೆ ಟಿಕ್ ಹಾಕಿ ‘ಆಟೊ ಪೇ ಇದೆಯಲ್ಲ’ ಎಂದು ನಿಶ್ಚಿಂತೆಯಿಂದಿರುವವರು ಬೇಕಾದಷ್ಟು ಮಂದಿ.

3. ಬ್ಯಾಂಕ್ ಎರಡು ಲಕ್ಷದ ಮಿತಿ ಕೊಟ್ಟರೂ ನಿಮ್ಮ ಮಿತಿಯನ್ನು ನೀವೇ ಹಾಕಿಕೊಳ್ಳಿ: ತಿಂಗಳ ಸಂಬಳದಲ್ಲಿ ಮನೆ ಖರ್ಚು, ಕಂತು ಕಳೆದು ಉಳಿಯುವಷ್ಟು. ಕಾರ್ಡಿನ ಮಿತಿಯ ಶೇ 30ರೊಳಗೆ ಬಳಕೆ ಇದ್ದರೆ ಸಿಬಿಲ್ ಅಂಕಕ್ಕೂ ಒಳ್ಳೆಯದು.

4. ದೊಡ್ಡ ಖರೀದಿ ಇದ್ದರೆ ಬಿಲ್ ತಯಾರಾದ ಮಾರನೆಯ ದಿನ ಮಾಡಿ.

5. ರೂಪೇ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಿಂದ ಇದೆ. ಸಂತೆಯ ಬದನೆಕಾಯಿಯಿಂದ ಹಿಡಿದು ಚಹಾದವರೆಗೆ ಎಲ್ಲವನ್ನೂ ಕಾರ್ಡಿನ ಮೇಲೆ ಹಾಕಬಹುದು, ಅಪಾಯ ಇರುವುದೂ ಅಲ್ಲೇ. ಒಂದೇ ಆ್ಯಪಿನಲ್ಲಿ ಉಳಿತಾಯ ಖಾತೆಯೂ ಕಾರ್ಡೂ ಒಂದರ ಕೆಳಗೊಂದು ಕೂತಿರುತ್ತವೆ. ಯಾವುದು ಮೊದಲೇ ಆಯ್ಕೆಯಾಗಿದೆ ಎಂದು ನೋಡದೆ ಪಿನ್ ಒತ್ತಬೇಡಿ. ಸಣ್ಣ ಖರ್ಚಿಗೆ ಖಾತೆಯೇ ಸಾಕು.

6. ತಾರೀಖು ಮೀರಿಯೇ ಹೋಯಿತೆಂದರೆ ಮೂರು ದಿನದೊಳಗೆ ಕಟ್ಟಿಬಿಡಿ. ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ತಡಪಾವತಿ ಶುಲ್ಕ ಹಾಕಬಹುದೆಂದು ನಿಯಮವಿದೆ. ಬಡ್ಡಿಗೆ ಈ ಮೂರು ದಿನದ ವಿನಾಯಿತಿ ಇದೆ ಎಂದು ಮಾತ್ರ ತಿಳಿಯಬೇಡಿ.

‘ಸ್ವಲ್ಪ ಉಳಿಸಿಕೊಂಡರೆ ಏನಾಗುತ್ತೆ?’

ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಓದಿದವರೂ ಎಡವುವ ಜಾಗ ಇದು. ಮೇಲಿನ ಕಾರ್ಡಿನಲ್ಲೇ ಜೂನ್ 19ಕ್ಕೆ ₹20,000ದ ಖರೀದಿ ಮಾಡಿದ್ದೀರಿ. ಆಗಸ್ಟ್ 7ಕ್ಕೆ ₹19,000 ಕಟ್ಟಿ ಸಾವಿರ ಉಳಿಸಿಕೊಂಡಿರಿ. ಮಾರನೆಯ ದಿನ, ಆಗಸ್ಟ್ 8ಕ್ಕೆ, ಮನೆಗೆ ₹30,000ದ ಫ್ರಿಜ್ ತಂದಿರಿ. ಅದನ್ನು ಸೆಪ್ಟೆಂಬರ್ 7ಕ್ಕೆ ಹಳೆಯ ಸಾವಿರದೊಂದಿಗೆ ಪೂರ್ತಿ ಕಟ್ಟುವ ಯೋಚನೆ.

ಹಿಂದಿನ ಬಿಲ್ಲಿನಲ್ಲಿ ಒಂದು ರೂಪಾಯಿ ಬಾಕಿ ಇದ್ದರೂ ಬಡ್ಡಿ ಇಲ್ಲದ ದಿನಗಳ ಸೌಲಭ್ಯ ರದ್ದಾಗುತ್ತದೆ. ಹಾಗಾಗಿ ಫ್ರಿಜ್ಜಿನ ₹30,000ಕ್ಕೆ ಕೊಂಡ ದಿನದಿಂದಲೇ ಬಡ್ಡಿ. ವರ್ಷಕ್ಕೆ ಶೇ 42ರಂತೆ 30 ದಿನಕ್ಕೆ ಸುಮಾರು ₹1,035, ಜಿಎಸ್‌ಟಿ ಸೇರಿ ₹1,220. ಉಳಿಸಿಕೊಂಡ ಸಾವಿರಕ್ಕೆ ಜೂನ್ 19ರಿಂದ 80 ದಿನಕ್ಕೆ ಜಿಎಸ್‌ಟಿ ಸೇರಿ ಇನ್ನೊಂದು ₹110. ಎಲ್ಲ ಕೂಡಿದರೆ ಸಾವಿರ ರೂಪಾಯಿ ಉಳಿಸಿಕೊಳ್ಳಲು ತೆತ್ತದ್ದು ₹1,330! ಕೈಯಲ್ಲಿ ದುಡ್ಡು ಕಡಿಮೆ ಬಿದ್ದಾಗ ಮೊದಲು ನಿಲ್ಲಿಸಬೇಕಾದ್ದು ಹೊಸ ಖರೀದಿ. ಬಾಕಿ ಸೊನ್ನೆಯಾಗುವವರೆಗೆ ಆ ಕಾರ್ಡನ್ನು ಮುಟ್ಟಬೇಡಿ.

ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ? ₹20,000 ಬಾಕಿಗೆ ಶೇ 5ರಂತೆ ಕನಿಷ್ಠ ₹1,000 ಎಂದುಕೊಳ್ಳಿ. ತಿಂಗಳ ಬಡ್ಡಿ ₹700, ಜಿಎಸ್‌ಟಿ ₹126. ನಿಮ್ಮ ಸಾವಿರದಲ್ಲಿ ಅಸಲಿಗೆ ಹೋದದ್ದು ₹174. ಇದನ್ನು ಓದಿ ಮುಗಿಸಿ ಇನ್ನೊಮ್ಮೆ ಬಿಲ್ಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಆ ಕನಿಷ್ಠ ಮೊತ್ತವನ್ನು ನೋಡಿ.

ಎಚ್ಚರ ಬೇಕಾದ ಕಡೆ

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ. ನಗದಿಗೆ ಬಡ್ಡಿ ಇಲ್ಲದ ದಿನ ಒಂದೂ ಇಲ್ಲ. ಹಲವು ಬ್ಯಾಂಕುಗಳಲ್ಲಿ ಶೇ 2.5 ಅಥವಾ ಕನಿಷ್ಠ ₹500 ಶುಲ್ಕ ಬೇರೆ. ‘ಕಾರ್ಡ್ ಉಜ್ಜಿದರೆ ಕ್ಯಾಶ್ ಕೊಡ್ತೀವಿ’ ಎನ್ನುವ ಅಂಗಡಿಗಳಿಂದಲೂ ದೂರವಿರಿ.

ನೋ ಕಾಸ್ಟ್ ಇಎಂಐ ಎಂದಾಗ ಮೂರು ಬೆಲೆ ಕೇಳಿ: ನಗದು ಕೊಟ್ಟರೆ ಎಷ್ಟು, ಇಎಂಐ ಆದರೆ ಒಟ್ಟು ಎಷ್ಟು, ಪ್ರಕ್ರಿಯಾ ಶುಲ್ಕ ಎಷ್ಟು. ಬಡ್ಡಿಯಷ್ಟನ್ನು ಅಂಗಡಿಯವನು ಬಿಟ್ಟರೂ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೇ. ನಗದಿಗೆ ಸಿಗುತ್ತಿದ್ದ ರಿಯಾಯಿತಿ ಇಎಂಐಗೆ ಇಲ್ಲವಾದರೆ ಅದೇ ಬಡ್ಡಿ. ಗೊಬ್ಬರದಂಗಡಿಯ ಉದ್ರಿಗೂ ಇದೇ ಪರೀಕ್ಷೆ: ರೊಕ್ಕದ ದರ ಒಂದು, ಉದ್ರಿ ದರ ಇನ್ನೊಂದು ಇದ್ದರೆ ಅದಕ್ಕೂ ಬಡ್ಡಿ ಇದೆ.

ಕೇಳದೆಯೇ ಕಾರ್ಡ್ ಮನೆಗೆ ಬಂದರೆ ಅದರ ಒಟಿಪಿ ಯಾರಿಗೂ ಹೇಳಬೇಡಿ. ನಿಮ್ಮ ಒಪ್ಪಿಗೆ ಇಲ್ಲದೆ ಕಾರ್ಡ್ ಕೊಡುವಂತಿಲ್ಲ. 30 ದಿನದೊಳಗೆ ನೀವು ಅದನ್ನು ಚಾಲೂ ಮಾಡದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಒಪ್ಪದಿದ್ದರೆ ಖರ್ಚಿಲ್ಲದೆ ಮುಚ್ಚಬೇಕು. ‘ಮಿತಿ ಹೆಚ್ಚಿಸುತ್ತೇವೆ’ ಎಂದು ಒಟಿಪಿ ಕೇಳುವವನು ವಂಚಕ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮನ್ನಾದ ದಾರಿ ಕಾಯುವುದು. 2017ರಲ್ಲೂ 2018ರಲ್ಲೂ ರಾಜ್ಯದಲ್ಲಿ ಸಾಲಮನ್ನಾ ಆಯಿತು, ನಿಜ. ಆದರೆ ಎರಡರಲ್ಲೂ ಮಿತಿ ಇತ್ತು, ಷರತ್ತಿತ್ತು. ಮುಂದಿನ ಮನ್ನಾ ಯಾವ ವರ್ಷ, ಯಾವ ತಾರೀಖಿನ ಸಾಲಕ್ಕೆ ಎಂದು ಯಾರಿಗೂ ತಿಳಿಯದು. ಗಡುವು ತಪ್ಪಿದ ಬಡ್ಡಿ ಮಾತ್ರ ಖಾತ್ರಿ.

ಬೆಳೆಸಾಲವನ್ನು ಮದುವೆಗೆ ಬಳಸುವುದು. ಬಡ್ಡಿ ಇಲ್ಲ ಎಂಬ ಧೈರ್ಯದಲ್ಲಿ ಸೊಸೈಟಿ ದುಡ್ಡು ಪೆಂಡಾಲಿಗೆ ಹೋದರೆ, ಗೊಬ್ಬರಕ್ಕೆ ಮತ್ತೆ ಉದ್ರಿ. ಮದುವೆ ಸಾಲ ತೀರಿಸುವ ಬೆಳೆ ಇಲ್ಲ.

ಒಂದು ಕಾರ್ಡಿನ ಬಾಕಿಯನ್ನು ಇನ್ನೊಂದು ಕಾರ್ಡಿಗೆ ದಾಟಿಸುವುದು. ಕೆಲವು ಬ್ಯಾಂಕುಗಳು ಕಡಿಮೆ ಬಡ್ಡಿಗೆ ಬಾಕಿ ವರ್ಗಾಯಿಸಿಕೊಳ್ಳುತ್ತವೆ. ಶುಲ್ಕ ಕಳೆದೂ ಲಾಭವಿದ್ದರೆ ತಪ್ಪಲ್ಲ, ಹಳೆಯ ಕಾರ್ಡನ್ನು ಅವತ್ತೇ ಮುಚ್ಚಿಸಿದರೆ ಮಾತ್ರ. ಇಲ್ಲವಾದರೆ ಆರು ತಿಂಗಳಲ್ಲಿ ಎರಡೂ ತುಂಬಿರುತ್ತವೆ.

ಸಂಬಂಧಿಕರಿಗೆ ಕಾರ್ಡ್ ಕೊಡುವುದು. ಅವರು ಕಟ್ಟದಿದ್ದರೆ ಸಿಬಿಲ್ ಕೆಡುವುದು ನಿಮ್ಮದು. ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದಾಗಲೂ ಆ ಅಂಕ ಎದುರು ಬರುತ್ತದೆ. ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮನೆಯ ಕಾಲೇಜು ಹುಡುಗರಿಗೆ ಹೇಳಿ ತೆಗೆಸಿ ನೋಡಿ.

ಮುಗಿಸುವಾಗ ಕಾಗದ ಪಡೆಯಿರಿ

ಕತ್ತರಿಯಿಂದ ಕಾರ್ಡ್ ತುಂಡು ಮಾಡಿದರೆ ಖಾತೆ ಮುಚ್ಚುವುದಿಲ್ಲ, ವಾರ್ಷಿಕ ಶುಲ್ಕ ಬರುತ್ತಲೇ ಇರುತ್ತದೆ. ಬಾಕಿ ತೀರಿಸಿ ಬರಹದಲ್ಲಿ ಮುಚ್ಚಲು ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ, ಬಾಕಿ ಇಲ್ಲದ ಗ್ರಾಹಕನಿಗೆ ದಿನಕ್ಕೆ ₹500ರಂತೆ ಬ್ಯಾಂಕೇ ದಂಡ ಕೊಡಬೇಕು. ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448ರಲ್ಲಿ ದಾರಿ ಹೇಳುತ್ತಾರೆ.

ಬೆಳೆಸಾಲ ಪೂರ್ತಿ ತೀರಿಸಿ ಮತ್ತೆ ಎತ್ತದೆ ಬಿಡುವವರು ಸೊಸೈಟಿಯಿಂದ ಬೇಬಾಕಿ ಪತ್ರ ತೆಗೆದುಕೊಳ್ಳಿ. ತಿಂಗಳ ನಂತರ ಹೊಸ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಸಾಲದ ಬೋಜಾ ಇನ್ನೂ ಅಲ್ಲೇ ಕೂತಿದ್ದರೆ ಆ ಪತ್ರದ ಪ್ರತಿ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ. ಹೊಲ ಪಾಲಾಗುವ ದಿನ ಇದನ್ನು ಹುಡುಕುತ್ತ ಕೂರುವುದು ತಪ್ಪುತ್ತದೆ.